ಐದನೆಯ ಸಾಲಿನ ಮೋಮೋ

ಎಲ್ಲವೂ ಕೆಡಲು ಶುರುವಾದದ್ದು ಭಾನುವಾರ ಸಂಜೆ ಐದು ಗಂಟೆ ನಲವತ್ತೆರಡು ನಿಮಿಷಕ್ಕೆ. ಐದೂಮುಕ್ಕಾಲರ ಸುಮಾರಿಗೆ ಎಂದು ಬರೆದಿದ್ದರೆ ನಿಮ್ಮ ಗಂಟೇನೂ ಹೋಗುತ್ತಿರಲಿಲ್ಲ, ನಿಜ. ಆದರೆ ನಾನು ರೈಲ್ವೆಯ ಸುರಕ್ಷತಾ ವಿಭಾಗದಲ್ಲಿ ಹದಿನಾಲ್ಕು ವರ್ಷ ಸವೆದವನು. ಯಾರ್ಡಿನಲ್ಲಿ ಒಂದು ವ್ಯಾಗನ್ ಹಳಿ ಬಿಟ್ಟು ಕೆಳಗಿಳಿದರೂ ಸಾಕು, ಮೊದಲು ಸಮಯ, ಆಮೇಲೆ ಸ್ಥಳ, ಆಮೇಲೆ ಹೊಣೆ ಯಾರದು, ಈ ಕ್ರಮದಲ್ಲಿ ಬರೆಯದೆ ಹೋದರೆ ನನ್ನ ಕೈಗೆ ಸಮಾಧಾನವಿಲ್ಲ. ಆ ದಿನ ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಮಗಳು ಇಂಚರಾಳ ಉಸಿರು ನಿಂತಾಗ ನಾನು ಗಡಿಯಾರ ನೋಡಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮಗುವಿನ ಮುಖ ನೋಡುವ ಬದಲು ಗಡಿಯಾರ ನೋಡಿದ ಅಪ್ಪ ನಾಗಪುರದಲ್ಲಿ ನಾನೊಬ್ಬನೇ ಇರಬೇಕು.

ತಂದೆ ತಾಯಿಗಳೆಂಬ ಜಾತಿಗೆ ಒಂದು ಗುಣವಿದೆ. ಮಕ್ಕಳು ಒಳ್ಳೆಯದೇನಾದರೂ ಕಲಿತರೆ ಅದು ನಮ್ಮ ಸಂಸ್ಕಾರ. ಕೆಟ್ಟದ್ದು ಕಲಿತರೆ ಅದು ಇವತ್ತಿನ ಕಾಲ. ಈ ಜಾತಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಹುಟ್ಟುಹಬ್ಬದ ಪಾರ್ಟಿಗಳಿಗೆ ಹೋದಾಗ ಗೋಡೆಗೆ ಒರಗಿ ನಿಂತು ನಾನು ಇವರನ್ನೇ ಗಮನಿಸುತ್ತಿದ್ದೆ. "ನಮ್ಮ ಬಬ್ಲು ಪಿಝಾ ಬಿಟ್ಟು ಬೇರೆ ಏನೂ ಮುಟ್ಟೋದೇ ಇಲ್ಲ ನೋಡಿ" ಎಂದು ಒಬ್ಬ ತಾಯಿ ಹೇಳುವಾಗ ಅವರ ಮುಖದಲ್ಲಿ ಚಿಂತೆ ಇರುತ್ತಿರಲಿಲ್ಲ. ಮಗನಿಗೆ ಬಂಗಾರದ ಪದಕ ಬಂದಂಥ ಬೆಳಕು ಇರುತ್ತಿತ್ತು. "ನಮ್ಮವಳದು ಅದೂ ಇಲ್ಲ, ಬರೀ ನೂಡಲ್ಸ್!" ಎಂದು ಇನ್ನೊಬ್ಬರು ಬೆಳ್ಳಿಯ ಪದಕ ತೋರಿಸುತ್ತಿದ್ದರು. ಪಾಲಕ್ ತಿನ್ನುವ ಮಗುವಿನ ಅಪ್ಪ ಅಲ್ಲಿದ್ದರೆ ಪಾಪ, ಬಾಯಿ ಬಿಡುತ್ತಿರಲಿಲ್ಲ. ಮನೆಗೆ ಬರುವಾಗ ಸ್ಕೂಟರಿನ ಮೇಲೆ ನಾನು ನನ್ನ ಹೆಂಡತಿ ವೀಣಾಳಿಗೆ ಇಡೀ ದಾರಿ ಭಾಷಣ ಮಾಡುತ್ತಿದ್ದೆ. ಇವರಿಗೆಲ್ಲ ಮಕ್ಕಳನ್ನು ಹಡೆಯುವುದಕ್ಕೆ ಮೊದಲು ಒಂದು ಪರೀಕ್ಷೆ ಇಡಬೇಕು, ಎಂಜಿನ್ ನಡೆಸುವವರಿಗೆ ಇಡುವುದಿಲ್ಲವೇ, ಹಾಗೆ. ವೀಣಾ ಹಿಂದಿನಿಂದ "ಹೂಂ" ಎನ್ನುತ್ತಿದ್ದಳು. ಆ ಹೂಂಕಾರದ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಯಾಕೆಂದರೆ ನಮ್ಮ ಮನೆಯ ಮಾತೇ ಬೇರೆ ಎಂದು ನಾನು ನಂಬಿದ್ದೆ. ನಮ್ಮ ಮನೆಯಲ್ಲೂ ಮೋಮೋ ಬರುತ್ತಿತ್ತು, ಆದರೆ ಕನ್ನಡಕ್ಕಾಗಿ ಬರುತ್ತಿತ್ತು.

ನಾವು ಧಾರವಾಡದ ಕಡೆಯವರು. ವರ್ಗವಾಗಿ ಇಲ್ಲಿಗೆ ಬಂದಾಗ ಇಂಚರಾಳಿಗೆ ಎರಡು ವರ್ಷ. ಈಗ ಎಂಟು. ಮನೀಶ್ ನಗರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಆಡುವಾಗ ಅವಳು ಮರಾಠಿಯಲ್ಲಿ ಜಗಳವಾಡುತ್ತಾಳೆ, ಹಿಂದಿಯಲ್ಲಿ ರಾಜಿಯಾಗುತ್ತಾಳೆ, ಮನೆಗೆ ಬಂದು ಕನ್ನಡದಲ್ಲಿ ಚಾಡಿ ಹೇಳುತ್ತಾಳೆ. ಮಾತು ಬಂದರೂ ಓದು ಬರುತ್ತಿರಲಿಲ್ಲ. ಪ್ರತಿ ನವೆಂಬರ್ ಒಂದಕ್ಕೆ ಇಲ್ಲಿಯ ಕನ್ನಡದವರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡುತ್ತೇವೆ. ಹೋದ ವರ್ಷ ಅವಳಿಗಿಂತ ಚಿಕ್ಕ ಹುಡುಗನೊಬ್ಬ ವೇದಿಕೆಯ ಮೇಲೆ ಒಂದು ಪುಟವನ್ನು ತಡೆಯಿಲ್ಲದೆ ಓದಿದಾಗ, ನಾನು ಚಪ್ಪಾಳೆ ತಟ್ಟುತ್ತಲೇ ಪಕ್ಕದವರಿಗೆ "ಮುಂದಿನ ವರ್ಷ ನಮ್ಮಾಕಿದೂ ಐತ್ರಿ" ಎಂದುಬಿಟ್ಟೆ. ಹೀಗೆ ಮಾತು ಕೊಟ್ಟದ್ದು ನಾನು, ಓದಬೇಕಾದದ್ದು ಅವಳು. ಮೊದಲು ಒಂದು ಪುಟಕ್ಕೆ ಒಂದು ಚಾಕೊಲೇಟ್ ಎಂದೆ. ಅದು ಒಂದು ತಿಂಗಳು ನಡೆಯಿತು. ಆಮೇಲೆ ಅರ್ಧ ಪುಟಕ್ಕೆ ಒಂದು ಚಿಪ್ಸ್ ಪ್ಯಾಕೆಟ್ಟಾಯಿತು. ಆಮೇಲೆ ಒಂದು ಪ್ಯಾರಾಕ್ಕೆ ನೂಡಲ್ಸ್. ಕೊನೆಗೆ ಭಾನುವಾರ ಸಂಜೆ, ಒಂದು ಸಾಲಿಗೆ ಒಂದು ಮೋಮೋ ಎಂಬಲ್ಲಿಗೆ ಬಂದು ನಿಂತಿತು. ಬೀದಿಯ ಗಾಡಿಯವನು ಕೊಡುವ ಪ್ಲೇಟಿನಲ್ಲಿ ಕಡುಬಿನಂಥ ಆರು ಇರುತ್ತವೆ, ಆದ್ದರಿಂದ ಪಾಠವೂ ಆರು ಸಾಲು. ವಾರದ ಉಳಿದ ದಿನ ಅವಳು ರೊಟ್ಟಿ ಪಲ್ಯ ಮುಟ್ಟುವುದನ್ನು ಬಿಟ್ಟಳು. ಮುಟ್ಟಿಸಬೇಕೆಂದರೆ ಅದಕ್ಕೂ ಏನಾದರೂ ಕೊಡಬೇಕಾಗಿತ್ತು. ಅದು ನನಗೆ ಕಾಣಲಿಲ್ಲ. ಕಂಡದ್ದು ಕನ್ನಡ ಮಾತ್ರ. "ನೋಡು, ಈಗ ಒತ್ತಕ್ಷರನೂ ಬರ್ತಾವ" ಎಂದು ನಾನು ಬೀಗಿದರೆ ವೀಣಾ, "ಹೌದ್ರೀ, ಹೋದ ವರ್ಷದ ಯುನಿಫಾರ್ಮೂ ಮೈಗೆ ಬರವಲ್ದು" ಎಂದಳು. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಎರಡು ಸಂಗತಿಗಳು ಜೊತೆಗೇ ಬೆಳೆದರೆ ಸಂಬಂಧ ಹುಡುಕುತ್ತಾಳೆ. ನಾನು ಹುಡುಕಲಿಲ್ಲ.

ಆ ಭಾನುವಾರ ದಸರಾ ಮುಗಿದು ಒಂದು ವಾರವಾಗಿತ್ತು, ನವೆಂಬರ್ ಹತ್ತಿರ ಬರುತ್ತಿತ್ತು. ನನಗೆ ಅವಸರ. ಊಟದ ಮೇಜಿನ ಮೇಲೆ ಪುಸ್ತಕ, ಪುಸ್ತಕದ ಪಕ್ಕದಲ್ಲಿ ಪ್ಲೇಟು, ಪ್ಲೇಟಿನ ಮೇಲೆ ನನ್ನ ಕೈ. ಮೊದಲ ಮೂರು ಸಾಲು ಸುಸೂತ್ರವಾಗಿ ದಾಟಿದವು. ನಾಲ್ಕನೆಯ ಸಾಲಿನಲ್ಲಿ ಅವಳು "ಪಪ್ಪಾ, ಇದು ಕೋಣ್ತಂ ಅಕ್ಷರ?" ಎಂದು, ಯಾವ ಎನ್ನುವ ಬದಲು ಮರಾಠಿಗೆ ಜಾರಿದಳು. ಜಾರಿದ್ದಕ್ಕೆ ಒಂದನ್ನು ತಡೆಹಿಡಿಯಬೇಕಾಗಿತ್ತು, ಆದರೂ ಉದಾರನಾಗಿ ನಾಲ್ಕನೆಯದನ್ನು ಕೊಟ್ಟೆ. ಅದು ಅವಳ ಬಾಯಲ್ಲಿ ಇನ್ನೂ ಅರ್ಧ ಇರುವಾಗಲೇ, ಐದನೆಯ ಸಾಲು ಕಷ್ಟದ್ದೆಂದು ಹುರುಪು ತುಂಬಲು, ಐದನೆಯ ಮೋಮೋವನ್ನು ಮುಂಗಡವಾಗಿ ಅವಳ ಬಾಯಿಗೆ ನಾನೇ ಇಟ್ಟೆ. "ಓದು, ನಿಲ್ಲಿಸಬ್ಯಾಡ" ಎಂದೆ. ಅವಳು ಸಾಲಿನ ಮೊದಲ ಪದವನ್ನು ನೋಡಿದಳು. ಉದ್ದನೆಯ ಪದ. ಅದರ ಮೇಲೆ ಏರಿಹೋಗಲೆಂದು ಗಟ್ಟಿಯಾಗಿ ಒಂದು ಉಸಿರು ಒಳಗೆ ಎಳೆದುಕೊಂಡಳು.

ಆಮೇಲೆ ಸದ್ದಿಲ್ಲ.

ನನಗೆ ಇವತ್ತಿಗೂ ಬೆವರು ಬರಿಸುವುದು ಆ ಸದ್ದಿಲ್ಲದ ಹೊತ್ತು. ಮಗು ಗಂಟಲಿಗೆ ಸಿಕ್ಕಿಸಿಕೊಂಡರೆ ಕೆಮ್ಮುತ್ತದೆ, ಕೂಗುತ್ತದೆ, ಮೇಜು ಬಡಿಯುತ್ತದೆ ಎಂದು ನಾನು ತಿಳಿದಿದ್ದೆ. ದಾರಿ ಪೂರಾ ಕಟ್ಟಿದಾಗ ಮಗು ಏನೂ ಮಾಡುವುದಿಲ್ಲ. ಸುಮ್ಮನೆ ಕೂತಿರುತ್ತದೆ. ಕಣ್ಣು ಅಗಲವಾಗುತ್ತವೆ, ಅಷ್ಟೆ. ಅವಳು ಪದ ತಿಳಿಯದೆ ನಿಂತಿದ್ದಾಳೆಂದು ನಾನು ತಿಳಿದೆ. "ಯಾಕ ನಿಂತಿ? ಬಿಡಿಸಿ ಓದು" ಎಂದೆ. ಅವಳು ನನ್ನ ಕಡೆ ನೋಡಿದಳು. "ನನ್ನ ಮಾರಿ ಏನ ನೋಡ್ತಿ? ಪುಸ್ತಕದಾಗ ಐತಿ, ಪುಸ್ತಕಾ ನೋಡು" ಎಂದೆ. ಎಷ್ಟು ಹೊತ್ತಾಯಿತೆಂದು ತಿಳಿಯಲು ಗಡಿಯಾರವನ್ನೂ ನೋಡಿದೆ. ಉಸಿರು ಸಿಗದ ಮಗುವಿಗೆ ನಾನು ಓದು ಹೇಳುತ್ತಿದ್ದೆ, ಸ್ವಾಮಿ. ಉತ್ತರಪತ್ರಿಕೆ ತಿದ್ದುತ್ತಿದ್ದ ವೀಣಾ ಏನೋ ಬೇಕಾಗಿ ಹೊರಗೆ ಬಂದವಳು ಮಗಳ ತುಟಿ ನೋಡಿದಳು. "ರೀ! ಅಕಿ ಉಸುರಾಡವಲ್ಲಳ್ರೀ!"

ಆ ಕೂಗು ಮೇಲಿನ ಮಹಡಿಯ ಕಾಕುವಿಗೆ ಕೇಳಿಸಿತು. ಕಾಕು ಎಂದರೆ ಎಪ್ಪತ್ತರ ಹತ್ತಿರದ ಮರಾಠಿ ಹೆಂಗಸು, ಮೂವತ್ತು ವರ್ಷ ನರ್ಸ್ ಆಗಿ ನಿವೃತ್ತರಾದವರು. ಮೊಣಕಾಲು ನೋವೆಂದು ಲಿಫ್ಟ್ ಕೆಟ್ಟ ದಿನ ಕೆಳಗೇ ಇಳಿಯದವರು ಅಂದು ಮೆಟ್ಟಿಲಿನಿಂದ ಹೇಗೆ ಬಂದರೋ ಗೊತ್ತಿಲ್ಲ. ನಾನು ಮಗಳ ತಲೆ ಸವರುತ್ತ ನೀರು ಕುಡಿಸಲು ಹೊರಟಿದ್ದೆ. "ಅಹೋ, ಬಾಜೂಲಾ ವ್ಹಾ!" ಎಂದು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ನೂಕಿ, ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲಿನ ನಡುವೆ ಅಂಗೈಯ ಬುಡದಿಂದ ಹೊಡೆದರು. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಮೋಮೋ ಹೊರಗೆ ಹಾರಿ ಪುಸ್ತಕದ ಮೇಲೆ ಬಿತ್ತು. ಇಂಚರಾ ಉಸಿರೆಳೆದ ಸದ್ದು ಹಳೆಯ ಬಾಗಿಲು ತೆರೆದ ಹಾಗಿತ್ತು. ಅಷ್ಟು ಚಂದದ ಸದ್ದನ್ನು ನಾನು ಬದುಕಿನಲ್ಲಿ ಕೇಳಿಲ್ಲ. ಕಾಕು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು, ಪುಸ್ತಕದ ಮೇಲಿನದನ್ನು ನೋಡಿ, "ಅಖ್ಖಾ?" ಎಂದು ಕೇಳಿದರು. ಇಡಿಯದ್ದೇ ಕೊಟ್ಟಿದ್ದೀರಾ ಎಂದು. ನಾನು ಮೇಜಿನ ಮೇಲಿನ ಪ್ಲೇಟನ್ನು ನನ್ನ ಕಡೆ ಎಳೆದುಕೊಂಡೆ, ಅದರಲ್ಲಿ ಆರನೆಯದು ಇತ್ತು.

ಆಸ್ಪತ್ರೆಯಲ್ಲಿ ಎದೆಯ ಫೋಟೊ ತೆಗೆದು ಎಲ್ಲ ಸರಿಯಿದೆ ಎಂದರು. ಮನೆಗೆ ಬಂದೆವು. ಸರಿ ಎಂದ ಮೇಲೆ ಮಲಗಬೇಕಲ್ಲ, ಮಲಗಲಾಗಲಿಲ್ಲ. ಆ ರಾತ್ರಿ, ಆಮೇಲಿನ ರಾತ್ರಿಗಳಲ್ಲೂ, ಮಗಳನ್ನು ನಡುವೆ ಹಾಕಿಕೊಂಡು ಸರದಿಯ ಮೇಲೆ ಅವಳ ಮೂಗಿನ ಕೆಳಗೆ ಬೆರಳು ಹಿಡಿದು ಕೂತೆವು. ಹನ್ನೆರಡರವರೆಗೆ ವೀಣಾ, ಹನ್ನೆರಡರಿಂದ ನಾನು, ಗಾರ್ಡುಗಳ ಪಾಳಿಯ ಹಾಗೆ. ನನ್ನ ಪಾಳಿ ಮುಗಿದ ಮೇಲೂ ಕಣ್ಣು ಮುಚ್ಚಿದರೆ ಅದೇ ಮುಖ, ಅದೇ ನನ್ನ ದನಿ: ಬಿಡಿಸಿ ಓದು.

ನಿದ್ದೆಯಿಲ್ಲದವನಿಗೆ ಸಿಟ್ಟು ಬೇಗ ಬರುತ್ತದೆ. ಮರುದಿನ ನಾನು ಮನೆಯಲ್ಲೇ ಒಂದು ಜಂಟಿ ವರದಿ ಬರೆಯಲು ಕೂತೆ. ನಮ್ಮಲ್ಲಿ ಅದೊಂದು ಪದ್ಧತಿ. ಏನಾದರೂ ಅವಘಡವಾದರೆ ಎಲ್ಲ ವಿಭಾಗದವರೂ ಸ್ಥಳದಲ್ಲೇ ನಿಂತು ಒಂದೇ ಕಾಗದದಲ್ಲಿ ಕಾರಣ ಬರೆದು ಸಹಿ ಹಾಕುತ್ತಾರೆ. ಹಳಿಯವರು ಗಾಲಿಯದು ತಪ್ಪೆನ್ನುತ್ತಾರೆ, ಗಾಲಿಯವರು ಹಳಿಯದೆನ್ನುತ್ತಾರೆ. ಒಪ್ಪದವರು ಕೆಳಗೆ ತಮ್ಮ ಅಸಮ್ಮತಿ ಬರೆಯಬಹುದು. ನಾನು ಬರೆದೆ: ಮುಖ್ಯ ಹೊಣೆ, ಮೋಮೋ ಗಾಡಿಯವನು. ಎರಡನೆಯ ಹೊಣೆ, ಬೆರಳು ತಾಗಿದರೆ ಮನೆಗೆ ತಿಂಡಿ ತರುವ ಆಪ್. ಮೂರನೆಯದು, ಗೊಂಬೆ ಕೊಟ್ಟು ಬರ್ಗರ್ ತಿನ್ನಿಸುವ ಅಂಗಡಿಗಳು. ನಾಲ್ಕನೆಯದು, ಕಾರ್ಟೂನಿನ ನಡುವೆ ಬರುವ ಜಾಹೀರಾತು. ಐದನೆಯದು, ಬಬ್ಲುವಿನ ತಾಯಿ. ಬರೆಯುತ್ತ ಬರೆಯುತ್ತ ಇಡೀ ಸಮಾಜ ಬಂತು, ನನ್ನ ವಿಭಾಗವೊಂದು ಬಿಟ್ಟು.

ಸಹಿ ಹಾಕಿಸುವ ಮೊದಲು ಮುಖ್ಯ ಹೊಣೆಗಾರನನ್ನು ನಾಲ್ಕು ಮಾತು ಬೈದು ಬರೋಣವೆಂದು ಸಂಜೆ ಗಾಡಿಯ ಹತ್ತಿರ ಹೋದೆ. ಜನರ ಎದುರಿಗೇ ಬೈಯಬೇಕೆಂದು ಗಿರಾಕಿಗಳು ಸೇರುವವರೆಗೆ ಕಾದೆ ಕೂಡ. ಅವನು ನನ್ನನ್ನು ನೋಡಿದ ಕೂಡಲೇ, "ಅರೇ ಸಾಬ್, ಆಜ್ ತೋ ಸೋಮವಾರ್ ಹೈ! ಬಿಟಿಯಾ ಕಾ ಪ್ಲೇಟ್ ತೋ ಇತ್ವಾರ್ ಕೋ ಹೋತಾ ಹೈ ನಾ?" ಎಂದ. ನನ್ನ ಮಗಳ ಪ್ಲೇಟು ಭಾನುವಾರದ್ದೆಂಬ ವೇಳಾಪಟ್ಟಿ ಅವನಿಗೆ ಬಾಯಿಪಾಠವಾಗಿತ್ತು. ನಾನು ನಡೆದದ್ದನ್ನು ಹೇಳಿ, ಮಕ್ಕಳಿಗೆ ಇಷ್ಟು ದೊಡ್ಡದನ್ನು ಇಡಿಯಾಗಿ ಕೊಡುತ್ತೀಯಲ್ಲ, ನಿನಗೆ ಬುದ್ಧಿ ಇದೆಯೇ ಎಂದು ದನಿ ಏರಿಸಿದೆ. ಅವನ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು. ಮೊದಲು "ಬಚ್ಚೀ ಠೀಕ್ ಹೈ ನಾ?" ಎಂದು ಎರಡು ಸಲ ಕೇಳಿದ. ಚೆನ್ನಾಗಿದ್ದಾಳೆ ಎಂದ ಮೇಲೆ, ಮೆಲ್ಲಗೆ, ಉಳಿದವರಿಗೆ ಕೇಳಿಸದ ಹಾಗೆ, "ಮೈಂ ತೋ ಕಾಟ್ ಕೇ ದೇತಾ ಥಾ ಸಾಬ್. ಆಪ್ ನೇ ಹೀ ಮನಾ ಕಿಯಾ" ಎಂದ.

ನಿಜ. ಮೊದಮೊದಲು ಅವನು ಚಿಕ್ಕ ಮಕ್ಕಳ ಪ್ಲೇಟೆಂದರೆ ಒಂದೊಂದನ್ನೂ ಎರಡು ತುಂಡು ಮಾಡಿ ಕೊಡುತ್ತಿದ್ದ. ಆಗ ಆರು ಹೋಗಿ ಹನ್ನೆರಡಾಗುತ್ತಿದ್ದವು, ಒಂದು ಸಾಲಿಗೆ ಒಂದು ತುಂಡೋ ಎರಡು ತುಂಡೋ ಎಂದು ಅಪ್ಪ ಮಗಳಿಗೆ ಜಗಳವಾಗುತ್ತಿತ್ತು. "ಒಂದ ಅಂದ್ರ ಇಡೀ ಒಂದ, ಪಪ್ಪಾ" ಎಂದು ಅವಳು ಪಟ್ಟು ಹಿಡಿಯುತ್ತಿದ್ದಳು. ಅದಕ್ಕೇ ಒಂದು ದಿನ ನಾನು ಅವನಿಗೆ ಕಟ್ಟುನಿಟ್ಟಾಗಿ, ಕತ್ತರಿಸಬೇಡ, ನಮ್ಮ ಲೆಕ್ಕ ತಪ್ಪುತ್ತದೆ ಎಂದು ತಾಕೀತು ಮಾಡಿದ್ದೆ. ಸುರಕ್ಷಿತವಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು ಅನುಕೂಲಕ್ಕಾಗಿ ಬದಲಿಸಿದ್ದು, ಬದಲಿಸಿ ಯಾರಿಗೂ ತಿಳಿಸದಿದ್ದುದು. ಇಷ್ಟೇ ತಪ್ಪಿಗೆ ನಾನು ಹಳಿ ಬದಲಿಸುವ ಎಷ್ಟು ಜನ ಪಾಯಿಂಟ್ಸ್‌ಮನ್‌ಗಳಿಗೆ ನೋಟಿಸು ಕೊಡಿಸಿದ್ದೇನೆ. ಗಿರಾಕಿಗಳು ನೋಡುತ್ತಿದ್ದರು. ನಾನು ತಿರುಗಿ ಮನೆಗೆ ಬಂದೆ.

ವರದಿಯ ಕೆಳಗೆ ವೀಣಾ ಸಹಿ ಹಾಕಿರಲಿಲ್ಲ. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ಅಸಮ್ಮತಿ ಬರೆದಿಟ್ಟಿದ್ದಳು. "ಆಪ್‌ಗೆ ಕೈಗಳಿಲ್ಲ, ಬೆರಳು ತಾಗಿಸಿದವರು ನಾವು. ಜಾಹೀರಾತು ನೋಡಲು ಮಗುವನ್ನು ಟಿ.ವಿ. ಮುಂದೆ ಕೂಡಿಸಿದವರು ನಾವು. ಬಬ್ಲುವಿನ ತಾಯಿಗೂ ಇದಕ್ಕೂ ಸಂಬಂಧವಿಲ್ಲ. ಮುಖ್ಯ ಹೊಣೆ: ತಂದೆ. ತಿಂಡಿಯನ್ನು ಕೂಲಿಯಾಗಿ ಕೊಟ್ಟು, ಬಾಯಲ್ಲಿ ಕೂಳಿರುವಾಗ ಕೆಲಸ ಮಾಡಿಸಿದ್ದಾರೆ. ಎರಡನೆಯ ಹೊಣೆ: ತಾಯಿ. ಇದು ಸರಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಭಾನುವಾರ ಸಂಜೆಯ ಆ ಅರ್ಧ ಗಂಟೆ ಮನೆಯಲ್ಲಿ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಆ ಅರ್ಧ ಗಂಟೆಯ ಆಸೆಗೆ ಸುಮ್ಮನಿದ್ದಳು."

ಓದಿ ಮುಗಿಸಿ ಅಡುಗೆಮನೆಗೆ ಹೋದೆ. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. "ನಿಂದು ಎರಡನೇದು ಅಲ್ಲ, ಬಿಡು. ಅದನ್ನ ಹೊಡದ ಹಾಕ್ತೇನಿ" ಎಂದೆ. "ಹೊಡದ ಹಾಕಬ್ಯಾಡ್ರಿ" ಎಂದಳು, ತಿರುಗದೆ. "ಒಬ್ಬರ ಮ್ಯಾಲೆ ಹಾಕಿದ್ರ ಇನ್ನೊಬ್ಬರು ಮತ್ತ ಸುಮ್ಮ ಕೂಡ್ತಾರ." ನಾನು ಸಹಿ ಹಾಕಿದೆ. ನನ್ನ ಸೇವೆಯಲ್ಲಿ ನನ್ನ ವಿಭಾಗದ ಮೇಲೆ ಹೊಣೆ ಒಪ್ಪಿಕೊಂಡ ಮೊದಲ ವರದಿ ಅದು.

ಸಹಿ ಹಾಕಿದ ಕೂಡಲೇ ಮಕ್ಕಳು ಊಟ ಮಾಡುವುದಿಲ್ಲವಲ್ಲ. ಅಸಲು ಸಂಕಟ ಆಮೇಲೆ ಶುರುವಾಯಿತು. ಇಂಚರಾ ನುಂಗುವುದನ್ನೇ ನಿಲ್ಲಿಸಿಬಿಟ್ಟಳು. ಹಾಲು, ಗಂಜಿ, ಸಾರಿನ ತಿಳಿ, ಇಷ್ಟು ಕುಡಿಯುವಳು. ಅನ್ನದ ಒಂದು ಅಗುಳು ಬಂದರೂ ಕೈಯಿಂದ ಬಾಯಿ ಮುಚ್ಚಿಕೊಳ್ಳುವಳು. ಒಂದು ವಾರದಲ್ಲಿ ಕತ್ತಿನ ಎಲುಬು ಕಂಡವು. ಶಾಲೆಗೆ ಕಳಿಸಿದರೆ ಡಬ್ಬಿ ಹೋದ ಹಾಗೇ ಬರುತ್ತಿತ್ತು. ಮಗಳು ತಿನ್ನುವುದು ಜಾಸ್ತಿಯಾಯಿತೆಂದು ಯಾರಾದರೂ ಅಂದರೆ ರೇಗುತ್ತಿದ್ದ ಮನೆಯಲ್ಲಿ ಈಗ ಒಂದು ತುತ್ತಿಗಾಗಿ ಇಬ್ಬರು ಪದವೀಧರರು ಮಂಡಿಯೂರಿ ಕೂತಿದ್ದೆವು. ಹೇಳಲು ನಾಚಿಕೆ, ಆಗಲೂ ನನಗೆ ಹೊಳೆದದ್ದು ಹಳೆಯ ಉಪಾಯವೇ. "ಒಂದ ತುತ್ತ ಉಂಡ್ರ ಹತ್ತ ಮಿನಿಟ್ ಮೊಬೈಲ್" ಎಂದೆ. ಅವಳು ಮೊಬೈಲ್ ನೋಡಲಿಲ್ಲ, ನನ್ನ ಕೈ ನೋಡಿದಳು. ಆ ನೋಟಕ್ಕೆ ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಆ ವಾರದಲ್ಲೇ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಫೋನು ಮಾಡಿ, "ಏನ್ರೀ, ಮಗಳ ಹೆಸರು ಬರ್ಕೊಳ್ಳಲಾ? ಯಾವ ಪುಟ ಓದ್ತಾಳ?" ಎಂದರು. "ಈ ವರ್ಷ ಓದಂಗಿಲ್ರಿ ಸರ್, ಉಣ್ಣೂದು ಕಲೀಲಿಕ್ಕತ್ತಾಳ" ಎಂದೆ. ಅವರು ನಗೆಚಾಟಿಕೆಯೆಂದು ತಿಳಿದು ನಕ್ಕರು.

ಕಾಕು ಹೇಳಿದ ಮಕ್ಕಳ ಡಾಕ್ಟರರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಂಗಸು. ಮಗುವಿನ ಗಂಟಲು ನೋಡಿ, ಮಗುವಿನ ಜೊತೆ ಆಡಿ, ಆಮೇಲೆ ನಮ್ಮಿಬ್ಬರನ್ನು ನೋಡಿದರು. ನೀವು ಮೂವರೂ ದಿನಾ ಒಟ್ಟಿಗೆ ಕೂತು ಉಣ್ಣುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು. ವೀಣಾ ನನ್ನನ್ನು ನೋಡಿದಳು, ನಾನು ಅವಳನ್ನು. ನಾನು ಉಣ್ಣುವುದು ಟಿ.ವಿ. ಮುಂದೆ, ವೀಣಾ ಉಣ್ಣುವುದು ಒಲೆಯ ಮುಂದೆ, ಮಗಳು ಮೊಬೈಲಿನ ಮುಂದೆ. ಒಂದೇ ಅಡುಗೆ, ಮೂರು ಹೋಟೆಲು. "ಗಂಟಲಲ್ಲಿ ಏನೂ ಇಲ್ಲ, ಹೆದರಿಕೆ ಇದೆ. ಅವಳಿಗೆ ಏನೂ ಆಸೆ ತೋರಿಸಬೇಡಿ, ತಿನ್ನು ಅನ್ನಬೇಡಿ, ಬಾಯಿ ನೋಡಬೇಡಿ. ಅವಳ ಎದುರಿಗೆ ಕೂತು ನಿಮ್ಮ ಊಟ ನೀವು ಮಾಡಿ" ಎಂದರು. ಔಷಧ ಬರೆದುಕೊಡಿ ಎಂದು ನಾನು ಕೇಳಿದೆ. ಇದೇ ಔಷಧ, ಮಗುವಿಗಲ್ಲ, ನಿಮಗೆ, ಎಂದರು.

ಮಗುವಿನ ಬಾಯಿ ನೋಡದೆ ಊಟ ಮಾಡುವುದು ಎಷ್ಟು ಕಷ್ಟವೆಂದು ನೀವು ಒಮ್ಮೆ ಪ್ರಯತ್ನಿಸಿ ನೋಡಿ. ಮೊದಲ ಎರಡು ದಿನ ನಾನೂ ವೀಣಾಳೂ ಫ್ಯಾನು ನೋಡುತ್ತ ಉಂಡೆವು. ಮಗಳೂ ಫ್ಯಾನಿನಲ್ಲಿ ಏನಿದೆಯೆಂದು ನೋಡಿದಳು. ನನಗೆ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಬಾಯಿಗೆ ಬಂದದ್ದನ್ನು ಮಾತಾಡತೊಡಗಿದೆ. ಮಾತಾಡಲು ನನ್ನಲ್ಲಿ ಆಫೀಸು ಬಿಟ್ಟು ಏನಿದೆ? ಕಿತ್ತಳೆ ತುಂಬಿದ್ದ ವ್ಯಾಗನ್ನಿನ ಬಾಗಿಲು ತೆರೆದುಕೊಂಡು, ಒಂದು ಕಿಲೋಮೀಟರು ಹಳಿಯ ಉದ್ದಕ್ಕೂ ಹಣ್ಣು ಉರುಳಿ, ಆಚೆ ಈಚೆ ಊರಿನ ಆಡುಗಳೆಲ್ಲ ಬಂದು ನಿಂತು ಗಾಡಿಗಳು ತಡವಾದ ಕಥೆ ಹೇಳಿದೆ. "ಆಡು ಸಿಪ್ಪಿ ತಗದ ತಿಂದ್ವಾ?" ಎಂದು ಮೊದಲ ಸಲ ಇಂಚರಾ ಬಾಯಿ ಬಿಟ್ಟಳು. ಅದು ವರದಿಯಲ್ಲಿ ಇರಲಿಲ್ಲ ಎಂದೆ. "ಅಂಥಾದ್ದ ನೋಡೂದಿಲ್ಲಲಾ ನೀ!" ಎಂದು ಬೈದಳು. ಮೂರನೆಯ ದಿನ, ನಾಲ್ಕನೆಯ ದಿನ, ಕಥೆಗಳು ಮುಂದುವರಿದವು. ಐದನೆಯ ದಿನ ಮುಂಜಾನೆಯಿಂದ ಅವಳು ಏನೂ ಕುಡಿದಿರಲಿಲ್ಲ. ಸಂಜೆ ಏಳೂವರೆಗೆ ಕೂತೆವು. ಕಥೆ ಕೇಳುತ್ತ ಕೇಳುತ್ತ ಅವಳ ಕೈ ವೀಣಾಳ ತಾಟಿಗೆ ಹೋಯಿತು. ರೊಟ್ಟಿಯ ಒಂದು ಚೂರು ಮುರಿದು, ಬದನೆಕಾಯಿ ಪಲ್ಯದ ರಸದಲ್ಲಿ ಅದ್ದಿ, ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು. ನಾನು ಮಾತು ನಿಲ್ಲಿಸಲಿಲ್ಲ. ಏನು ಹೇಳಿದೆನೋ ದೇವರಿಗೇ ಗೊತ್ತು. ಅಗಿಯುವ ಸದ್ದು ಕೇಳಿಸಿತು. ನುಂಗಿದ್ದು ಕೇಳಿಸಲಿಲ್ಲ, ಆದರೆ ಎರಡನೆಯ ಚೂರು ಮುರಿದ ಸದ್ದು ಕೇಳಿಸಿತು. ವೀಣಾ ಉಪ್ಪು ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಉಪ್ಪು ಮೇಜಿನ ಮೇಲೇ ಇತ್ತು.

ಅಂದು ಪಾಳಿ ಯಾರದೆಂದು ಮಾತಾಡುವ ಮೊದಲೇ ನಿದ್ದೆ ಬಂದುಬಿಟ್ಟಿತು. ಮೂವರಿಗೂ. ಕಣ್ಣು ಬಿಟ್ಟಾಗ ಪರದೆಯ ಸಂದಿಯಿಂದ ಬಿಸಿಲು ಹಾಸಿಗೆಯ ಮೇಲಿತ್ತು, ಶಾಲೆಯ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ನಾನು ಯಾರನ್ನೂ ಎಬ್ಬಿಸಲಿಲ್ಲ. ಎಷ್ಟೋ ದಿನಗಳ ಮೇಲೆ ನನಗೆ ಸರಿಯಾದ ಹಸಿವಾಗಿತ್ತು. ಸಂತೋಷಕ್ಕೆ ಏನಾದರೂ ತಿನ್ನಬೇಕೆನಿಸಿ ಅಡುಗೆಮನೆಗೆ ಹೋದೆ. ಮನೆಯಲ್ಲಿದ್ದ ಕುರುಕಲು ತಿಂಡಿಯನ್ನೆಲ್ಲ ನಾನೇ ಮುಂದೆ ನಿಂತು ಕಸಕ್ಕೆ ಹಾಕಿಸಿದ್ದೆ. ಅಕ್ಕಿಯ ಡಬ್ಬಿಯ ಹಿಂದೆ ಒಂದು ದೊಡ್ಡ ಚಿಪ್ಸ್ ಪ್ಯಾಕೆಟ್ ಮಾತ್ರ, ಅದು ದೊಡ್ಡವರದ್ದೆಂದು, ಮ್ಯಾಚ್ ನೋಡುವಾಗ ಬೇಕಾಗುತ್ತದೆಂದು, ಉಳಿಸಿಕೊಂಡಿದ್ದೆ. ಸದ್ದಾಗದ ಹಾಗೆ ಟವೆಲ್ಲಿನಲ್ಲಿ ಸುತ್ತಿ ಹರಿದೆ. ನಿಂತೇ ಎರಡು ಮುಷ್ಟಿ ಬಾಯಿಗೆ ತುಂಬಿದೆ.

"ಪಪ್ಪಾ."

ಬಾಗಿಲಲ್ಲಿ ಇಂಚರಾ, ಕೆದರಿದ ತಲೆ. ನನ್ನ ಕೈಯ ಪ್ಯಾಕೆಟ್ಟನ್ನೂ ಉಬ್ಬಿದ ಕೆನ್ನೆಯನ್ನೂ ಒಂದು ಸಲ ನೋಡಿದಳು. ಕೇಳಲಿಲ್ಲ, ಕೈ ಚಾಚಲಿಲ್ಲ. ಮೂಲೆಯ ಸ್ಟೂಲನ್ನು ಎಳೆದು ನನ್ನ ಮುಂದೆ ಇಟ್ಟಳು.

"ನಿಂತ ತಿನ್ನಬ್ಯಾಡ. ಕೂಡು. ಅಗದ ನುಂಗು."

ಬಾಯಿ ತುಂಬಿತ್ತು, ಸಮಜಾಯಿಷಿ ಕೊಡುವ ಹಾಗಿರಲಿಲ್ಲ. ಕೂತೆ. ಅವಳು ನೆಲದ ಮೇಲೆ ನನ್ನ ಎದುರಿಗೆ ಕೂತು, ಗದ್ದಕ್ಕೆ ಕೈ ಕೊಟ್ಟು, ನಾನು ಪೂರಾ ನುಂಗುವವರೆಗೂ ನನ್ನ ಬಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ.